ಕಡಲ ಅಕಶೇರುಕ ಜೀವಿಗಳ ಸಾಗಾಟ: ದಯೆಯೊಡನೆ ಇರಬೇಕಾದ ತಿಳಿವಳಿಕೆ

ಪೀಠಿಕೆ

ವಿಜ್ಞಾನ ಶಿಕ್ಷಣದಲ್ಲಿ ಪ್ರತ್ಯಕ್ಷ ದರ್ಶನಕ್ಕೆ ಮಿಗಿಲಾದ ಸಾಧನವಿಲ್ಲವೆಂಬುದು ಎಲ್ಲ ಅಧ್ಯಾಪಕರೂ ಒಪ್ಪುವ ಮಾತು. ಕಪ್ಪುಹಲಗೆಯ ಮೇಲೆ ಬರೆದ ಚಿತ್ರಕ್ಕಿಂತ ಗಾಜಿನ ಪಾತ್ರೆಯಲ್ಲಿ ಚಲಿಸುವ ಜೀವಿಯು ಬಾಲಕರ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ. ಆದರೆ ಆ ಜೀವಿಯು ಪಾತ್ರೆಯವರೆಗೆ ಬಂದ ದಾರಿ ಯಾವುದು, ಆ ದಾರಿಯಲ್ಲಿ ಅದಕ್ಕೆ ಏನಾಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಈಚೆಗೆ ಹಿರಿಯ ವಿದ್ಯಾರ್ಥಿಯೊಬ್ಬರು ನನ್ನನ್ನು ಕಂಡು, ತಾವು ಓದಿದ ಶಾಲೆಗೆ ಕಡಲ ಜೀವಿಗಳ ಗಾಜಿನ ತೊಟ್ಟಿಯೊಂದನ್ನು ಕಾಣಿಕೆಯಾಗಿ ಕೊಡುವ ಇಚ್ಛೆಯನ್ನು ತಿಳಿಸಿ, ಪ್ರಾಣಿಶಾಸ್ತ್ರವನ್ನು ಬೋಧಿಸಿದವನೆಂಬ ಕಾರಣದಿಂದ ನನ್ನ ಅಭಿಪ್ರಾಯ ಕೇಳಿದರು. ಅವರಿಗೆ ಅಂದು ಬಾಯಿಮಾತಿನಲ್ಲಿ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ಇಡಬೇಕಾಗಿದೆ.

ಹರಿಹರದ ಹೊಳೆಯ ದಂಡೆಯಲ್ಲಿ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಸೇವೆಯಲ್ಲಿದ್ದ ಶಾಲೆಯ ಬಾಲಕರನ್ನು ಕರೆದುಕೊಂಡು ಕಾರವಾರಕ್ಕೆ ಪ್ರವಾಸ ಹೋಗಿದ್ದೆ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ನೀರುಗುಂಡಿಗಳಿಂದ ಸನ್ಯಾಸಿ ಏಡಿಗಳನ್ನೂ ಶಂಖದ ಹುಳುಗಳನ್ನೂ ಒಂದೆರಡು ಕಡಲಹೂವುಗಳನ್ನೂ ಆರಿಸಿಕೊಂಡೆವು. ಬಲೆಯನ್ನು ಬಿಡಿಸುತ್ತಿದ್ದ ಮೀನುಗಾರರು ಮೂರು ನಕ್ಷತ್ರಮೀನುಗಳನ್ನು ಕೊಟ್ಟರು. ಎಲ್ಲವನ್ನೂ ಮುಚ್ಚಳವಿದ್ದ ಒಂದೇ ಬಕೆಟ್ಟಿನ ಕಡಲನೀರಿನಲ್ಲಿ ಹಾಕಿ, ಬಸ್ಸಿನ ಹಿಂದಿನ ಆಸನದ ಕೆಳಗಿಟ್ಟು, ಶಿರಸಿ, ಹಾವೇರಿ, ರಾಣೆಬೆನ್ನೂರು ಮಾರ್ಗವಾಗಿ ಊರಿನ ದಾರಿ ಹಿಡಿದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತುಂಗಭದ್ರೆಯನ್ನು ದಾಟಿ ಹರಿಹರದಲ್ಲಿ ಬಸ್ಸು ನಿಂತಿತು. ಮುಚ್ಚಳ ತೆಗೆದು ನೋಡಿದರೆ ನೀರು ಬೆಚ್ಚಗಾಗಿ ಮಬ್ಬಾಗಿತ್ತು. ಒಬ್ಬ ಬಾಲಕ, "ಸಾರ್, ಪಾಪ, ಇವಕ್ಕೆ ಹೊಸ ನೀರು ಹಾಕೋಣೇನು?" ಎಂದ. ಅವನ ಕರುಣೆ ನನಗೆ ಮೆಚ್ಚುಗೆಯಾಯಿತು. ಅರ್ಧ ನೀರನ್ನು ಚೆಲ್ಲಿಸಿ, ಹೊಳೆಯ ತಣ್ಣನೆಯ ತಿಳಿನೀರನ್ನು ತುಂಬಿಸಿದೆವು. ಮರುದಿನ ದಾವಣಗೆರೆಯ ಪ್ರಯೋಗಶಾಲೆಯ ಬಾಗಿಲು ತೆರೆದಾಗ ದುರ್ವಾಸನೆ ಹೊರಗೇ ಬಂದಿತು. ನಕ್ಷತ್ರಮೀನುಗಳ ಬಾಹುಗಳು ಜೋತುಬಿದ್ದಿದ್ದವು. ಕಡಲಹೂವುಗಳು ಲೋಳೆಯ ಮುದ್ದೆಯಾಗಿದ್ದವು. ಕೆಲವು ಸನ್ಯಾಸಿ ಏಡಿಗಳು ತಮ್ಮ ಚಿಪ್ಪನ್ನು ತೊರೆದು ಬೆತ್ತಲೆಯಾಗಿ ಸತ್ತಿದ್ದವು. ಬಾಯಿ ಮುಚ್ಚಿಕೊಂಡಿದ್ದ ಕೆಲವು ಶಂಖದ ಹುಳುಗಳು ಮಾತ್ರ ಬದುಕಿದ್ದವು. ಹೊಸ ನೀರು ಹಾಕೋಣವೆಂದಿದ್ದ ಬಾಲಕನು ಮೇಜಿನ ಬಳಿ ಮಾತಿಲ್ಲದೆ ನಿಂತಿದ್ದ. ಅವನಲ್ಲಿ ದಯೆಗೆ ಕೊರತೆಯಿರಲಿಲ್ಲ. ಅದರೊಡನೆ ಇರಬೇಕಾದ ತಿಳಿವಳಿಕೆ ಅವನ ಗುರುವಿನಲ್ಲಿ ಇರಲಿಲ್ಲ. ಆ ದಿನ ಅವನಿಗೆ ಕೊಡಲಾಗದ ಉತ್ತರವೇ ಈ ಲೇಖನ.

ಬಕೆಟ್ಟಿನೊಳಗೆ ನಡೆದುದೇನು?

ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಅಕಶೇರುಕಗಳೆನ್ನುತ್ತೇವೆ. ಏಡಿ ಸೀಗಡಿಗಳು ಸಂಧಿಪದಿಗಳ ವಂಶಕ್ಕೂ, ಶಂಖ, ಸಿಂಪಿ, ಅಷ್ಟಪಾದಿಗಳು ಮೃದ್ವಂಗಿಗಳ ವಂಶಕ್ಕೂ, ನಕ್ಷತ್ರಮೀನು ಕಂಟಕಚರ್ಮಿಗಳ ವಂಶಕ್ಕೂ ಸೇರಿದವು. ಇವುಗಳ ದೇಹರಚನೆಯಲ್ಲಿ ಅಜಗಜಾಂತರವಿದ್ದರೂ ಸಾಗಾಟದಲ್ಲಿ ಇವೆಲ್ಲವನ್ನೂ ಪೀಡಿಸುವ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಆಮ್ಲಜನಕದ ಕೊರತೆ. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕಡಲನೀರಿನ ಒಂದು ಲೀಟರಿನಲ್ಲಿ ಕರಗಿರುವುದು 7 ಮಿಲಿಗ್ರಾಮಿಗಿಂತಲೂ ಕಡಿಮೆ, ಎಂದರೆ ನಲವತ್ತರಲ್ಲಿ ಒಂದು ಪಾಲು. ನೀರು ಬೆಚ್ಚಗಾದಷ್ಟೂ ಅದು ಇನ್ನಷ್ಟು ಕುಗ್ಗುತ್ತದೆ. ಅದೇ ವೇಳೆಯಲ್ಲಿ, ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಶೀತರಕ್ತ ಜೀವಿಗಳ ಚಯಾಪಚಯ ಕ್ರಿಯೆ ಸುಮಾರು ಇಮ್ಮಡಿಯಾಗುತ್ತದೆ. ಬಿಸಿಲಲ್ಲಿ ಓಡುವ ಬಸ್ಸಿನ ಬಕೆಟ್ಟಿನಲ್ಲಿ ಹೀಗೆ ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ. ಮುಚ್ಚಳ ಹಾಕಿದ್ದರಿಂದ ಹೊರಗಿನ ಗಾಳಿಯ ಸಂಪರ್ಕವೂ ಕಡಿದುಹೋಗಿತ್ತು.

ಆಮ್ಲಜನಕ ಸಾಲದಾದಾಗ ಏಡಿಯ ಸ್ನಾಯುಗಳು ಅದಿಲ್ಲದೆಯೇ ಶಕ್ತಿ ಪಡೆಯತೊಡಗುತ್ತವೆ. ಆಗ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ರಕ್ತ ಆಮ್ಲೀಯವಾಗುತ್ತದೆ. ಏಡಿಯ ಕಣ್ಣಿನ ದಂಟಿನೊಳಗಿನ ಗ್ರಂಥಿಯಿಂದ ಒಂದು ಹಾರ್ಮೋನು ಸ್ರವಿಸಿ ರಕ್ತದ ಸಕ್ಕರೆಯ ಅಂಶವನ್ನು ಏರಿಸುತ್ತದೆ. ಒತ್ತಡಕ್ಕೆ ಸಿಕ್ಕ ಮನುಷ್ಯನ ರಕ್ತದಲ್ಲಿ ಸಕ್ಕರೆ ಏರುವುದನ್ನು ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ತಿಳಿದೀತು. ಇಂದಿನ ವಿಜ್ಞಾನಿಗಳು ಏಡಿ ಸೀಗಡಿಗಳ ಸಾಗಾಟದ ಒತ್ತಡವನ್ನು ಅಳೆಯುವುದು ರಕ್ತದ ಸಕ್ಕರೆ ಮತ್ತು ಲ್ಯಾಕ್ಟಿಕ್ ಆಮ್ಲಗಳ ಪ್ರಮಾಣದಿಂದಲೇ. ಪ್ರಾಣಿಯನ್ನು ಮರಳಿ ಒಳ್ಳೆಯ ನೀರಿಗೆ ಬಿಟ್ಟರೂ ಈ ಆಮ್ಲವು ಕರಗಲು ಹಲವು ಗಂಟೆಗಳು ಬೇಕು. ಬದುಕಿರುವ ಪ್ರಾಣಿಯೆಲ್ಲ ಕ್ಷೇಮವಾಗಿರುವ ಪ್ರಾಣಿಯಲ್ಲ ಎಂಬುದನ್ನು ಇದರಿಂದ ಅರಿಯಬೇಕು.

ಎರಡನೆಯದು ಕಲ್ಮಷ. ಜಲಚರ ಅಕಶೇರುಕಗಳಲ್ಲಿ ಬಹುಪಾಲು ತಮ್ಮ ದೇಹದ ಸಾರಜನಕದ ಕಲ್ಮಷವನ್ನು ಅಮೋನಿಯಾ ರೂಪದಲ್ಲಿ ಕಿವಿರು ಮತ್ತು ಚರ್ಮದ ಮೂಲಕ ನೀರಿಗೆ ಬಿಡುತ್ತವೆ. ಅಪಾರವಾದ ಕಡಲಿನಲ್ಲಿ ಅದು ಕ್ಷಣಮಾತ್ರದಲ್ಲಿ ಚದುರಿಹೋಗುತ್ತದೆ. ಬಕೆಟ್ಟಿನಲ್ಲಿ ಅದು ಸುತ್ತಲೇ ನಿಂತು ವಿಷವಾಗುತ್ತದೆ. ನೀರು ಬೆಚ್ಚಗಾದಷ್ಟೂ ಆ ವಿಷದ ತೀವ್ರತೆ ಹೆಚ್ಚು. ಒಂದು ಜೀವಿ ಸತ್ತರೆ ಅದರ ಕೊಳೆತದಿಂದ ಉಳಿದವೂ ಸಾಯುತ್ತವೆ. ನಮ್ಮ ಬಕೆಟ್ಟಿನ ನೀರು ಮಬ್ಬಾಗಿದ್ದುದು ಈ ಅಪಾಯದ ಸೂಚನೆಯೇ ಆಗಿತ್ತು.

ಮೂರನೆಯದು ಲವಣಾಂಶದ ಬದಲಾವಣೆ. ನಮ್ಮ ಮುಖ್ಯ ಅಪರಾಧ ಇಲ್ಲಿಯೇ. ಕಡಲನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅರ್ಧ ಹೊಳೆನೀರು ಬೆರೆಸಿದೊಡನೆ ಅದು 17-18 ಗ್ರಾಮಿಗೆ ಇಳಿಯಿತು. ನಕ್ಷತ್ರಮೀನಿನ ದೇಹದ್ರವದ ಲವಣಾಂಶವು ಸುತ್ತಲಿನ ಕಡಲನೀರಿನಷ್ಟೇ ಇರುತ್ತದೆ. ಹೆಚ್ಚಾದ ನೀರನ್ನು ಹೊರಹಾಕುವ ವಿಸರ್ಜನಾಂಗ ಅದಕ್ಕಿಲ್ಲ. ಅದು ನಡೆಯುವುದೂ ಹಿಡಿಯುವುದೂ ನೀರು ತುಂಬಿದ ಸಾವಿರಾರು ಕೊಳವೆಪಾದಗಳಿಂದ. ಸುತ್ತಲಿನ ನೀರು ಹಠಾತ್ತಾಗಿ ಸಪ್ಪೆಯಾದಾಗ ಅಭಿಸರಣೆಯಿಂದ ನೀರು ಒಳನುಗ್ಗಿ ಅದರ ಜೀವಕೋಶಗಳು ಉಬ್ಬಿ ಕೆಡುತ್ತವೆ. ಶಂಖದ ಹುಳುವಾದರೋ ತನ್ನ ಬಾಯಿಮುಚ್ಚಳವನ್ನು ಬಿಗಿದುಕೊಂಡು ಒಳಗಿನ ಕಡಲನೀರನ್ನು ಕಾಪಾಡಿಕೊಂಡಿತು. ಇಳಿತದ ಬಿಸಿಲನ್ನೂ ಮುಂಗಾರಿನ ಮಳೆಯನ್ನೂ ದಿನನಿತ್ಯ ಎದುರಿಸುವ ತೀರದ ಜೀವಿಗೂ, ಸದಾ ನೀರಿನ ತಳದಲ್ಲಿರುವ ಜೀವಿಗೂ ಇರುವ ವ್ಯತ್ಯಾಸವೇ ಆ ಬೆಳಗ್ಗೆ ನಮ್ಮ ಮೇಜಿನ ಮೇಲೆ ಕಂಡುಬಂದಿತ್ತು. ಮಾನವನ ಬಾಯಿಗೆ ಸಿಹಿಯಾದ ನೀರು ಕಡಲ ಜೀವಿಗೆ ಆಪತ್ತಾಗಬಲ್ಲದು.

ನಾಲ್ಕನೆಯದು ಕುಲುಕಾಟ, ಇಕ್ಕಟ್ಟು ಮತ್ತು ಗಾಯ. ಹೆದರಿದ ಇಲ್ಲವೆ ಸಿಕ್ಕಿಕೊಂಡ ಏಡಿಯು ತನ್ನ ಕಾಲನ್ನು ಬುಡದ ನಿಶ್ಚಿತ ಸ್ಥಾನದಲ್ಲಿ ತಾನೇ ಕಳಚಿಕೊಳ್ಳುತ್ತದೆ. ಇದು ಶತ್ರುವಿನಿಂದ ಪಾರಾಗುವ ಉಪಾಯ. ಮುಂದೆ ಪೊರೆ ಕಳಚುವಾಗ ಕಾಲು ಮತ್ತೆ ಬೆಳೆಯುವುದಾದರೂ ಅದಕ್ಕೆ ತಗಲುವ ಶಕ್ತಿ ಅಪಾರ. ಅಷ್ಟಪಾದಿಯನ್ನು ಸಣ್ಣ ಪಾತ್ರೆಯಲ್ಲಿಟ್ಟರೆ ಅದು ಗಾಬರಿಯಿಂದ ಉಗುಳಿದ ಮಸಿಯೇ ಕಿವಿರಿಗೆ ಮುಸುಕಿ ಅದರ ಪ್ರಾಣಕ್ಕೆ ಮುಳುವಾಗಬಹುದು. ಬೇಟೆಯ ಪ್ರಾಣಿಯನ್ನೂ ಬೇಟೆಗಾರನನ್ನೂ ಒಂದೇ ಪಾತ್ರೆಯಲ್ಲಿ ಹಾಕುವುದಂತೂ ಸಾಮಾನ್ಯವಾದ ಅವಿವೇಕ.

ಗದ್ದೆಯ ಏಡಿ ಕಲಿಸುವ ಪಾಠ

ಕಿವಿರಿರುವ ಪ್ರಾಣಿ ಗಾಳಿಯಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಲು ಕಾರವಾರಕ್ಕೆ ಹೋಗಬೇಕಾಗಿಲ್ಲ. ಭದ್ರಾ ನಾಲೆಯ ನೀರುಣ್ಣುವ ನಮ್ಮ ದಾವಣಗೆರೆ, ಹರಿಹರ ಸೀಮೆಯ ಗದ್ದೆಯ ಬದುಗಳಲ್ಲಿ ಏಡಿಯ ಬಿಲಗಳನ್ನು ಕಾಣದ ರೈತನ ಮಗನಿಲ್ಲ. ಹಿಡಿದ ಏಡಿಯ ಬಾಯಲ್ಲಿ ನೊರೆ ಬರುವುದನ್ನೂ ಎಲ್ಲರೂ ನೋಡಿದ್ದಾರೆ. ಏಡಿಯು ತನ್ನ ಕಿವಿರಿನ ಗೂಡಿನಲ್ಲಿ ಸ್ವಲ್ಪ ನೀರನ್ನು ಉಳಿಸಿಕೊಂಡಿರುತ್ತದೆ. ಆ ನೀರಿನ ಮೂಲಕ ಗಾಳಿಯನ್ನು ಹಾಯಿಸುವಾಗ ನೊರೆಯೇಳುತ್ತದೆ. ನೀರು ಆರಿತೆಂದರೆ ಕಿವಿರಿನ ತೆಳುವಾದ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಲ್ಲತೊಡಗುತ್ತದೆ.

ಕಡಲ ತೀರದ ಏಡಿ ವ್ಯಾಪಾರವು ನಿಂತಿರುವುದೇ ಈ ತತ್ತ್ವದ ಮೇಲೆ. ಅಳಿವೆಗಳ ಕೆಸರಿನಲ್ಲಿ, ಕಾಂಡ್ಲಾ ಕಾಡಿನ ಬೇರುಗಳ ನಡುವೆ ಬೆಳೆಯುವ ಸಿಲ್ಲಾ ಎಂಬ ಕುಲದ ದೊಡ್ಡ ಏಡಿಗಳು ನಮ್ಮ ದೇಶದಿಂದ ವಿಮಾನದ ಮೂಲಕ ಆಗ್ನೇಯ ಏಷ್ಯಾ, ಚೀಣಾ ದೇಶಗಳಿಗೆ ಸಜೀವವಾಗಿ ಹೋಗುತ್ತವೆ. ತಂಪಾಗಿ, ತೇವವಾಗಿ ಇಟ್ಟರೆ ಇವು ನೀರಿನ ಹೊರಗೆ ಕೆಲವು ದಿನಗಳ ಕಾಲ ಜೀವಿಸಬಲ್ಲವು. ಒಂದನ್ನೊಂದು ಕಡಿಯದಂತೆ ಕೊಂಬುಗಳನ್ನು ಹಗ್ಗದಿಂದ ಕಟ್ಟಿ, ಒದ್ದೆ ಗೋಣಿಯನ್ನು ಹೊದಿಸಿ, ಗಾಳಿಯಾಡುವ ಬುಟ್ಟಿಯಲ್ಲಿಡುವುದು ವಾಡಿಕೆ. ಅನುಭವಸ್ಥರು ಏಡಿಯ ಮೇಲೆ ನೇರವಾಗಿ ಮಂಜುಗಡ್ಡೆ ಸುರಿಯುವುದಿಲ್ಲ. ಉಷ್ಣವಲಯದ ಪ್ರಾಣಿಗೆ ಹಠಾತ್ ಚಳಿ ಒಂದು ಆಘಾತ. ಕರಗಿದ ಮಂಜಿನ ಸಪ್ಪೆನೀರು ಮತ್ತೊಂದು. ನಮ್ಮ ಬಕೆಟ್ಟಿನ ಸನ್ಯಾಸಿ ಏಡಿಗಳನ್ನು ಕೂಡ ನಿಂತ ನೀರಿನಲ್ಲಿ ಮುಳುಗಿಸಿ ತರುವುದರ ಬದಲು, ಕಡಲನೀರಿನಲ್ಲಿ ನೆನೆಸಿದ ಬಟ್ಟೆಯ ನಡುವೆ ನೆರಳಿನಲ್ಲಿ ಇಟ್ಟಿದ್ದರೆ ಅವುಗಳಲ್ಲಿ ಹೆಚ್ಚಿನವು ಬದುಕುತ್ತಿದ್ದವೆಂದು ಇಂದು ಹೇಳಬಲ್ಲೆ.

ಇವಕ್ಕೆ ನೋವುಂಟೇ?

ಒತ್ತಡವೆಂಬುದು ದೇಹದ ವ್ಯಾಪಾರ, ಅದನ್ನು ಅಳೆಯಬಹುದು. ನೋವೆಂಬುದು ಅನುಭವ, ಅದನ್ನು ಪ್ರಾಣಿಯ ವರ್ತನೆಯಿಂದ ಊಹಿಸಬೇಕು. ಈ ದಿಸೆಯಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಯೋಗಗಳು ಗಮನಾರ್ಹವಾಗಿವೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ರಾಬರ್ಟ್ ಎಲ್‌ವುಡ್ ಮತ್ತು ಮಿರ್ಯಾಮ್ ಅಪೆಲ್ ಎಂಬ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸನ್ಯಾಸಿ ಏಡಿಗಳಿಗೆ ಚಿಪ್ಪಿನೊಳಗೆ ಸಣ್ಣ ವಿದ್ಯುದಾಘಾತ ನೀಡಲಾಯಿತು. ತಮಗೆ ಅಷ್ಟಾಗಿ ಇಷ್ಟವಿಲ್ಲದ ಜಾತಿಯ ಚಿಪ್ಪಿನಲ್ಲಿದ್ದ ಏಡಿಗಳು ಬೇಗನೆ ಹೊರಬಂದವು; ಇಷ್ಟದ ಚಿಪ್ಪಿನಲ್ಲಿದ್ದವು ಅದನ್ನು ಬಿಡಲು ಹಿಂಜರಿದವು. ಬರಿಯ ಪ್ರತಿವರ್ತನೆಯಾಗಿದ್ದಲ್ಲಿ ಚಿಪ್ಪಿನ ಗುಣಾವಗುಣಗಳು ಅಲ್ಲಿ ಲೆಕ್ಕಕ್ಕೆ ಬರಬಾರದಾಗಿತ್ತು. ಎರಡು ಕತ್ತಲ ಆಶ್ರಯಗಳಲ್ಲಿ ಒಂದರಲ್ಲಿ ಮಾತ್ರ ಆಘಾತ ಪಡೆದ ತೀರದ ಏಡಿಗಳು ಮುಂದೆ ಆ ಆಶ್ರಯವನ್ನು ವರ್ಜಿಸಲು ಕಲಿತವೆಂದು 2013ರ ಇನ್ನೊಂದು ಅಧ್ಯಯನ ತೋರಿಸಿತು. ಆಘಾತಕ್ಕೊಳಗಾದ ಸಿಹಿನೀರಿನ ಕ್ರೇಫಿಶ್ ಬೆಳಕಿನ ಕಡೆಗೆ ಬರಲು ಅಂಜುತ್ತಿದ್ದು, ಮನುಷ್ಯರ ಆತಂಕಕ್ಕೆ ಕೊಡುವ ಔಷಧವನ್ನು ನೀಡಿದಾಗ ಆ ಅಂಜಿಕೆ ಇಳಿದುದನ್ನು ಫ್ರಾನ್ಸಿನ ಸಂಶೋಧಕರು 2014ರಲ್ಲಿ ವರದಿ ಮಾಡಿದರು.

ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯದ ಜೊನಾಥನ್ ಬರ್ಚ್ ಅವರ ನೇತೃತ್ವದ ತಂಡವು ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2021ರಲ್ಲಿ ಒಂದು ವರದಿಯನ್ನಿತ್ತಿತು. ಏಡಿ, ಸೀಗಡಿ, ಲಾಬ್‌ಸ್ಟರ್‌ಗಳನ್ನೂ, ಅಷ್ಟಪಾದಿ, ಬೊಂಡಾಸ್‌ಗಳನ್ನೂ ಅನುಭವವುಳ್ಳ ಜೀವಿಗಳೆಂದು ಪರಿಗಣಿಸಬೇಕೆಂದು ಅದು ಶಿಫಾರಸು ಮಾಡಿತು; ಬ್ರಿಟನ್ನಿನ 2022ರ ಪ್ರಾಣಿ ಕಲ್ಯಾಣ ಕಾಯ್ದೆಯು ಇವನ್ನು ಒಳಗೊಂಡಿದೆ. ಸ್ವಿಟ್ಜರ್ಲೆಂಡ್ 2018ರಿಂದಲೇ ಸಜೀವ ಲಾಬ್‌ಸ್ಟರ್‌ಗಳನ್ನು ಮಂಜುಗಡ್ಡೆಯ ಮೇಲೆ ಸಾಗಿಸುವುದನ್ನೂ, ಪ್ರಜ್ಞೆ ತಪ್ಪಿಸದೆ ಕುದಿಯುವ ನೀರಿಗೆ ಹಾಕುವುದನ್ನೂ ನಿಷೇಧಿಸಿದೆ. ನಕ್ಷತ್ರಮೀನಿಗೆ ಮಿದುಳಿಲ್ಲ, ಒಂದು ನರವರ್ತುಲವೂ ಬಾಹುಗಳಲ್ಲಿ ಹರಿಯುವ ನರತಂತುಗಳೂ ಮಾತ್ರ ಇವೆ. ಏಡಿಗೆ ಅನ್ವಯಿಸುವ ಮಾತನ್ನು ಅದಕ್ಕೂ ಅದೇ ಬಲದಿಂದ ಅನ್ವಯಿಸಲಾಗದು. ಆದರೆ ಅದರ ದೇಹಕ್ಕೆ ಆದ ಹಾನಿಯನ್ನು ನಮ್ಮ ಕಣ್ಣಿನಿಂದಲೇ ಕಂಡೆವು. ಜೋಪಾನ ಮಾಡಲು ಅಷ್ಟೇ ಕಾರಣ ಸಾಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯ್ದೆಯ ಎರಡನೆಯ ಪ್ರಕರಣವು ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಂತ ಪ್ರಾಣಿಗಳನ್ನೂ 'ಪ್ರಾಣಿ' ಎಂಬ ಪದದಲ್ಲಿ ಸೇರಿಸಿದೆ. ಬೆನ್ನೆಲುಬಿನ ಷರತ್ತನ್ನು ಹಾಕಿಲ್ಲ. ಅನಗತ್ಯವಾದ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು ಹನ್ನೊಂದನೆಯ ಪ್ರಕರಣದ ಪ್ರಕಾರ ಅಪರಾಧ. ಆದರೆ 1978ರ ಪ್ರಾಣಿ ಸಾಗಾಟ ನಿಯಮಗಳು ನಾಯಿ, ಬೆಕ್ಕು, ಮಂಗ, ದನ, ಕುದುರೆ, ಕುರಿ, ಮೇಕೆಗಳ ವಿಷಯವಾಗಿ ರಚಿತವಾದವು; ಕೋಳಿ ಹಂದಿಗಳು 2001ರಲ್ಲಿ ಸೇರಿದವು. ಏಡಿ ಸೀಗಡಿಗಳಿಗೆಂದು ಅಲ್ಲಿ ಅಧ್ಯಾಯವಿಲ್ಲ. ಹವಳ, ಕಡಲ ಸೌತೆ ಮುಂತಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅವನ್ನು ತೀರದಿಂದ ಎತ್ತಿ ತರುವಂತೆಯೇ ಇಲ್ಲವೆಂಬುದನ್ನು ಪ್ರವಾಸ ಹೊರಡುವ ಅಧ್ಯಾಪಕರು ತಿಳಿದಿರಬೇಕು.

ನಮ್ಮ ಊಟದ ಎಲೆಯಲ್ಲಿ ಏಡಿ ಸೀಗಡಿಗಳಿಗೆ ಸ್ಥಾನವಿಲ್ಲ, ಆದುದರಿಂದ ಈ ಚರ್ಚೆ ನಮಗೆ ಸಂಬಂಧಿಸಿದ್ದಲ್ಲ ಎಂದು ಕೆಲವು ವಾಚಕರು ಭಾವಿಸಬಹುದು. ನನ್ನ ಬಕೆಟ್ಟಿನ ಜೀವಿಗಳನ್ನು ಯಾರೂ ತಿನ್ನಲಿಲ್ಲವೆಂಬುದನ್ನು ಅವರಿಗೆ ನೆನಪಿಸುತ್ತೇನೆ. ಅವು ಸತ್ತದ್ದು ವಿದ್ಯೆಯ ಹೆಸರಿನಲ್ಲಿ.

ಶಾಲೆಗಳು ಪಾಲಿಸಬಹುದಾದ ಕ್ರಮ

ಕಡಲ ಜೀವಿಯನ್ನು ಅದರ ಸ್ಥಾನದಲ್ಲಿಯೇ ನೋಡುವುದು ಮೊದಲ ನಿಯಮವಾಗಲಿ. ಇಳಿತದ ವೇಳೆಯನ್ನು ಮುಂಚಿತವಾಗಿ ತಿಳಿದು ಹೋಗಬೇಕು. ಎತ್ತಿದ ಕಲ್ಲನ್ನು ಮೊದಲಿದ್ದಂತೆಯೇ ಮೆಲ್ಲಗೆ ಇಡಬೇಕು, ಅದರ ಅಡಿಯಲ್ಲಿ ಒಂದು ಸಂಸಾರವೇ ಇರುತ್ತದೆ. ಕೈಯನ್ನು ಕಡಲನೀರಿನಲ್ಲಿ ಒದ್ದೆಮಾಡಿಕೊಂಡು ಮುಟ್ಟಬೇಕು. ನಕ್ಷತ್ರಮೀನನ್ನು ನೀರಿನಿಂದ ಮೇಲೆತ್ತದೆ, ತಟ್ಟೆಯೊಂದರಲ್ಲಿ ನೀರಿನ ಸಮೇತ ತೆಗೆದು ನೋಡಿ ಅಲ್ಲಿಯೇ ಬಿಡಬೇಕು. ಖಾಲಿ ಶಂಖಗಳನ್ನು ಕೂಡ ರಾಶಿರಾಶಿಯಾಗಿ ತರಬಾರದು, ಅವು ಸನ್ಯಾಸಿ ಏಡಿಯ ಮುಂದಿನ ಮನೆಗಳು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ, ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜೂ ಇವೆ. ಅನುಮತಿ ಪಡೆದು ಅಲ್ಲಿನ ಸಂಗ್ರಹಗಳನ್ನು ತೋರಿಸಿದರೆ ಬಾಲಕರಿಗೆ ಆಗುವ ಲಾಭವು ನಮ್ಮ ಬಕೆಟ್ಟಿನಿಂದ ಆಗಲಾರದು.

ಅಭಿಸರಣೆಯ ಪಾಠಕ್ಕೆ ಯಾವ ಜೀವಿಯೂ ಬೇಕಿಲ್ಲ. ಒಂದು ಲೀಟರು ನೀರಿಗೆ 35 ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ ಅದರಲ್ಲಿ ಆಲೂಗಡ್ಡೆಯ ಕೆಲವು ಹೋಳುಗಳನ್ನೂ, ಬರಿಯ ನೀರಿನಲ್ಲಿ ಅಷ್ಟೇ ಹೋಳುಗಳನ್ನೂ ಒಂದೆರಡು ಗಂಟೆ ಇಡಬೇಕು. ಉಪ್ಪುನೀರಿನವು ಬಾಡಿ ಬಾಗುತ್ತವೆ, ಸಿಹಿನೀರಿನವು ಬಿರುಸಾಗುತ್ತವೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತೆಂದು ಬಾಲಕರು ತಾವೇ ಹೇಳುತ್ತಾರೆ. ಆಗ ನಕ್ಷತ್ರಮೀನಿಗೆ ಏನಾಯಿತೆಂದು ವಿವರಿಸಿದರೆ ಸಾಕು.

ಇನ್ನು ಗಾಜಿನ ತೊಟ್ಟಿಯ ವಿಷಯ. ಕಡಲನೀರಿನ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಹಲವು ವಾರಗಳು ಬೇಕು. ಅದಕ್ಕೆ ಮೊದಲು ಜೀವಿಗಳನ್ನು ಬಿಟ್ಟರೆ ಅವು ತಮ್ಮ ಕಲ್ಮಷದಲ್ಲಿಯೇ ಸಾಯುತ್ತವೆ. ನೀರು ಆವಿಯಾದಾಗ ಲವಣ ಉಳಿದು ಸಾಂದ್ರತೆ ಏರುತ್ತದೆ. ದಿನವೂ ಅಳೆದು ಕ್ಲೋರಿನ್ ಇಲ್ಲದ ಸಿಹಿನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಬೇಸಿಗೆಯ ತಾಪ, ವಿದ್ಯುತ್ತು ಕಡಿತವಾದಾಗ ನಿಲ್ಲುವ ಗಾಳಿಯಂತ್ರ, ರಜೆಯಲ್ಲಿ ಬೀಗ ಬೀಳುವ ಪ್ರಯೋಗಶಾಲೆ, ಇವೆಲ್ಲವನ್ನೂ ನೆನೆದರೆ ಕಡಲಿನಿಂದ ಇಷ್ಟು ದೂರದ ನಮ್ಮ ಊರಿಗೆ ಅದು ತಕ್ಕ ಕಾಣಿಕೆಯಲ್ಲವೆಂದು ನಾನು ಆ ಹಿರಿಯ ವಿದ್ಯಾರ್ಥಿಗೆ ವಿನಯದಿಂದ ತಿಳಿಸಿದೆ.

ಅದರ ಬದಲು ಮೂರು ಸಲಹೆಗಳನ್ನು ಕೊಟ್ಟೆ. ಮೊದಲನೆಯದಾಗಿ, ಪ್ರತಿವರ್ಷ ಒಂದು ತರಗತಿಯ ಬಾಲಕ ಬಾಲಕಿಯರಿಗೆ ಎರಡು ದಿನಗಳ ಕಡಲತೀರದ ಅಧ್ಯಯನ ಪ್ರವಾಸಕ್ಕಾಗಿ ದತ್ತಿನಿಧಿ. ಎರಡನೆಯದಾಗಿ, ಭೂತಗಾಜುಗಳು, ಉಷ್ಣತಾಮಾಪಕಗಳು, ನೀರಿನ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರು. ಶುದ್ಧ ನೀರಿನಲ್ಲಿ 1.000 ತೋರಿಸುವ ಆ ಉಪಕರಣವು ಕಡಲಿನಲ್ಲಿ ಸುಮಾರು 1.025 ತೋರಿಸುವುದನ್ನು ಬಾಲಕರು ಸ್ವತಃ ನೋಡಲಿ. ಮೂರನೆಯದಾಗಿ, ನಮ್ಮದೇ ಹೊಳೆಯ ಒಂದು ಸಣ್ಣ ಸಿಹಿನೀರಿನ ತೊಟ್ಟಿ. ಕಿವಿರು ಮತ್ತು ಶ್ವಾಸಕೋಶ ಎರಡರಿಂದಲೂ ಉಸಿರಾಡುವ ಪೈಲಾ ಎಂಬ ಬಸವನಹುಳುವೂ, ನೀರನ್ನು ಸೋಸಿ ಆಹಾರ ಪಡೆಯುವ ಲ್ಯಾಮೆಲ್ಲಿಡೆನ್ಸ್ ಎಂಬ ಸಿಹಿನೀರಿನ ಸಿಂಪಿಯೂ ನಮ್ಮ ಕಡೆಯ ಹೊಳೆ ಕೆರೆಗಳವೇ. ಈ ಸಿಂಪಿಯ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ಕಾಲ ಪರಾವಲಂಬಿಗಳಾಗಿ ಬೆಳೆಯುತ್ತವೆಂಬುದು ಯಾವ ಕಡಲ ಕಥೆಗೂ ಕಡಿಮೆಯಾದ ವಿಸ್ಮಯವಲ್ಲ. ಹರಿಹರದಿಂದ ದಾವಣಗೆರೆಗೆ ಅರ್ಧ ಗಂಟೆಯ ದಾರಿ. ನಾಲ್ಕಾರು ಜೀವಿಗಳನ್ನು ಅದೇ ಹೊಳೆಯ ನೀರಿನಲ್ಲಿ ತಂದು, ಕೆಲವು ದಿನ ನೋಡಿ, ತಂದ ಸ್ಥಳಕ್ಕೇ ಮರಳಿಸಬಹುದು.

ಹಿಂದೆ ನಾವು ಪ್ರಾಣಿಶಾಸ್ತ್ರ ಕಲಿತಾಗ ಇದೇ ಪೈಲಾ, ಇದೇ ಸಿಂಪಿ, ಸೀಗಡಿಗಳನ್ನು ಮೇಣದ ತಟ್ಟೆಯಲ್ಲಿಟ್ಟು ಕೊಯ್ಯುತ್ತಿದ್ದೆವು. ವಿಶ್ವವಿದ್ಯಾಲಯ ಅನುದಾನ ಆಯೋಗವು 2014ರಲ್ಲಿ ಪ್ರಾಣಿಶಾಸ್ತ್ರದ ಪಾಠಕ್ರಮದಿಂದ ಅಂತಹ ಛೇದನವನ್ನು ತೆಗೆದುಹಾಕಿತು. ಇದರಿಂದ ವಿಜ್ಞಾನ ಬಡವಾಯಿತೆಂದು ಕೆಲವರು ಮರುಗುತ್ತಾರೆ. ಸತ್ತ ಪ್ರಾಣಿಯ ಒಳಗನ್ನು ನೋಡುವುದರ ಜೊತೆಗೆ, ಬದುಕಿರುವ ಪ್ರಾಣಿಗೆ ಬದುಕಲು ಏನೇನು ಬೇಕೆಂದು ಅರಿಯುವುದೂ ಪ್ರಾಣಿಶಾಸ್ತ್ರವೇ ಅಲ್ಲವೆ?

ಉಪಸಂಹಾರ

ಕಡಲ ಜೀವಿಗಳು ಕೂಗುವುದಿಲ್ಲ. ಅವುಗಳ ಮುಖದಲ್ಲಿ ನಾವು ಓದಬಲ್ಲ ಭಾವವೂ ಇಲ್ಲ. ಕರುವಿನ ಕಣ್ಣೀರನ್ನು ಕಂಡು ಕರಗುವ ನಮ್ಮ ಮನಸ್ಸು ಬಕೆಟ್ಟಿನ ತಳದ ಏಡಿಯನ್ನು ಕಂಡು ಕರಗದಿರುವುದು ಸಹಜ. ಈ ಕೊರತೆಯನ್ನು ತುಂಬುವುದೇ ವಿದ್ಯೆಯ ಕೆಲಸ. ಉಷ್ಣತಾಮಾಪಕದ ಪಾದರಸ, ಹೈಡ್ರೋಮೀಟರಿನ ಗೆರೆ, ರಕ್ತದ ಸಕ್ಕರೆಯ ಅಂಕಿ, ಇವು ಮೂಕಪ್ರಾಣಿಯ ಪರವಾಗಿ ಮಾತನಾಡುತ್ತವೆ. ಅವನ್ನು ಓದಲು ಬಲ್ಲವನು ಮಾತ್ರ ಅವುಗಳ ಸಂಕಟವನ್ನು ನಿವಾರಿಸಬಲ್ಲನು.

ಹರಿಹರದಲ್ಲಿ ಹೊಸ ನೀರು ಹಾಕೋಣವೆಂದ ಬಾಲಕನೇ ಇಂದು ತೊಟ್ಟಿಯ ಕಾಣಿಕೆಯ ವಿಚಾರವಾಗಿ ನನ್ನನ್ನು ಕಂಡ ಹಿರಿಯ ವಿದ್ಯಾರ್ಥಿ. ಆ ಬೆಳಗಿನ ದುಃಖವನ್ನು ಅವರು ಮರೆತಿರಲಿಲ್ಲ. ಆ ಜೀವಿಗಳಿಗೆ ಈ ಸಲವಾದರೂ ಒಳ್ಳೆಯ ಮನೆ ಕಟ್ಟಿಸಬೇಕೆಂಬುದೇ ಅವರ ಆಸೆಯಾಗಿತ್ತು. ನನ್ನ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಕ್ಕಳನ್ನೇ ಕಡಲಿಗೆ ಕಳಿಸೋಣ ಸಾರ್" ಎಂದರು. ನಲವತ್ತು ವರ್ಷಗಳ ಹಿಂದೆ ನಾನು ಕಲಿಸದ ಪಾಠವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.